ನಾಟಕಕಾರರು ಬರೆಯಲು ಕೂರುವುದು ಯಾವಾಗ? ಮದ್ದೂರಿನ ಓದುಗರೊಬ್ಬರಿಗೆ ಉತ್ತರ

ಪ್ರಶ್ನೆ: ನಾನು ಮದ್ದೂರು ತಾಲ್ಲೂಕಿನವನು, ಹೈಸ್ಕೂಲ್ ಮೇಷ್ಟ್ರು. ಊರ ಹಬ್ಬದ ‘ಕುರುಕ್ಷೇತ್ರ’ದಲ್ಲಿ ಪಾತ್ರ ಮಾಡಿಕೊಂಡು ಬೆಳೆದವನು. ಈಗ ಸ್ವಂತದ್ದೊಂದು ನಾಟಕ ಬರೆಯಬೇಕೆಂಬ ಆಸೆ. ವಿಷಯ ಮನೆಯಲ್ಲೇ ಇದೆ. ಹೆದ್ದಾರಿ ಹತ್ತಿರದ ನಮ್ಮ ಗದ್ದೆಯನ್ನು ಲೇಔಟ್‌ನವರು ಕೇಳುತ್ತಿದ್ದಾರೆ. ತಮ್ಮ ಮಾರೋಣ ಅನ್ನುತ್ತಾನೆ, ಅಪ್ಪ ಸುತರಾಂ ಒಪ್ಪುತ್ತಿಲ್ಲ. ರೈತನ ಭೂಮಿ ರೈತನಿಗೇ ಉಳಿಯಬೇಕು ಎಂಬ ಸಂದೇಶ ಕೊಡಬೇಕು ಅಂದುಕೊಂಡಿದ್ದೇನೆ. ಆದರೆ ಮೂರ್ನಾಲ್ಕು ಪುಟಕ್ಕೆ ಪೆನ್ನು ನಿಂತುಹೋಗುತ್ತದೆ. ಗಿರೀಶ ಕಾರ್ನಾಡರಂಥ ದೊಡ್ಡವರಿಗೆ ಬರೆಯುವ ಪ್ರೇರಣೆ ಎಲ್ಲಿಂದ ಬರುತ್ತಿತ್ತು? ಅದು ಬರುವತನಕ ಕಾಯಬೇಕೆ? ಇನ್ನೊಂದು: ಬರೆಯುವುದು ಪುಸ್ತಕದ ಕನ್ನಡದಲ್ಲೋ, ನಮ್ಮ ಕಡೆ ಮಾತಿನಲ್ಲೋ?

ಉತ್ತರ: ಕಾಯಬೇಡಿ. ಈ ಒಂದು ಪ್ರಶ್ನೆಗೆ ಉತ್ತರ ಇಷ್ಟೇ. ಉಳಿದೆರಡಕ್ಕೆ ಸ್ವಲ್ಪ ಉದ್ದಕ್ಕೆ ಹೇಳಬೇಕು.

ಕಾರ್ನಾಡರು ತಮ್ಮ ನಾಟಕಗಳು ಹೇಗೆ ಮೊದಲಾದವೆಂಬುದನ್ನು ಮುಚ್ಚಿಟ್ಟವರಲ್ಲ. ಮುನ್ನುಡಿಗಳಲ್ಲಿ, ಭಾಷಣಗಳಲ್ಲಿ, ‘ಆಡಾಡತ ಆಯುಷ್ಯ’ ಎಂಬ ಆತ್ಮಕಥೆಯಲ್ಲಿ ಸಾಕಷ್ಟು ಬಿಚ್ಚಿ ಹೇಳಿದ್ದಾರೆ. ಅವರ ಜೊತೆಗೆ ನಮ್ಮ ಮೈಸೂರಿನ ಕುವೆಂಪು, ಬಿ.ಎಂ.ಶ್ರೀ., ಸಂಸ ಇವರ ನಾಟಕಗಳನ್ನೂ ಇಟ್ಟುಕೊಂಡು, ಇವು ಯಾಕೆ ಹುಟ್ಟಿದವು ಎಂದು ನಾನು ಬಹಳ ವರ್ಷಗಳಿಂದ ಯೋಚಿಸುತ್ತಾ, ಹುಡುಗರಿಗೆ ಪಾಠ ಹೇಳುತ್ತಾ ಬಂದಿದ್ದೇನೆ. ನನಗೆ ಗಟ್ಟಿಯಾಗಿ ಅನ್ನಿಸಿರುವುದು ಇದು: ಒಳ್ಳೆಯ ನಾಟಕಕಾರರು ಬರೆಯಲು ಕೂತದ್ದು ತಮ್ಮಿಂದ ತೀರ್ಮಾನ ಮಾಡಲಾಗದ ಒಂದು ಜಗಳ ಒಳಗೆ ಎದ್ದಾಗ, ಮತ್ತು ಆ ಜಗಳಕ್ಕೆ ಮೈಕೊಡುವ ಒಂದು ಕತೆ ಎದುರಿಗೆ ಬಂದಾಗ. ಎರಡರಲ್ಲಿ ಒಂದೇ ಇದ್ದರೆ ಸಾಲದು. ಕತೆ ಹಾಲಿದ್ದ ಹಾಗೆ, ಬೇಕಾದಷ್ಟು ಸಿಗುತ್ತದೆ. ಒಳಗಿನ ಆ ಜಗಳವೇ ಅದಕ್ಕೆ ಬೀಳಬೇಕಾದ ಹೆಪ್ಪು. ನಿಮ್ಮ ಹತ್ತಿರ ಕತೆ ಇದೆ. ಜಗಳವೂ ಇದೆ, ಆದರೆ ಅದನ್ನು ನೀವು ಬರೆಯುವ ಮೊದಲೇ ತೀರ್ಮಾನ ಮಾಡಿಬಿಟ್ಟಿದ್ದೀರಿ. ಪೆನ್ನು ಅಲ್ಲಿ ನಿಲ್ಲುತ್ತಿದೆ.

‘ಯಯಾತಿ’ಯನ್ನೇ ನೋಡಿ. 1960ರ ಹೊತ್ತು. ಕಾರ್ನಾಡರು ಇಪ್ಪತ್ತೆರಡರ ಹುಡುಗ. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಗಣಿತ, ಸಂಖ್ಯಾಶಾಸ್ತ್ರ ಓದಿ, ರೋಡ್ಸ್ ವಿದ್ಯಾರ್ಥಿವೇತನ ಸಿಕ್ಕಿ, ಆಕ್ಸ್‌ಫರ್ಡಿಗೆ ಹೊರಟು ನಿಂತಿದ್ದರು. ಅವರಿಗಿದ್ದ ಆಸೆ ಇಂಗ್ಲಿಷಿನಲ್ಲಿ ಕವಿಯಾಗಬೇಕೆಂಬುದು. ಮನೆಮಾತು ಕೊಂಕಣಿ. ಕನ್ನಡದಲ್ಲಿ, ಅದೂ ನಾಟಕ, ಅದೂ ಪುರಾಣದ ಕತೆ ಇಟ್ಟುಕೊಂಡು ಬರೆಯುತ್ತೇನೆಂದು ಅವರು ಕನಸಿನಲ್ಲೂ ಎಣಿಸಿರಲಿಲ್ಲ. ಆ ಕಾಲದಲ್ಲಿ ಸೀಮೆ ದಾಟಿ ಹೋಗುವುದೆಂದರೆ ಮನೆಗೆಲ್ಲ ತಳಮಳ. ಹೋದ ಮಗ ವಾಪಸ್ ಬರುತ್ತಾನೋ ಇಲ್ಲವೋ, ಅಲ್ಲೇ ಯಾರನ್ನಾದರೂ ಮದುವೆಯಾಗಿ ನಿಂತುಬಿಟ್ಟರೆ ಏನು ಗತಿ ಎಂದು ಹೆತ್ತವರಿಗೆ ಚಿಂತೆ. ನನ್ನ ಮುಂದಿನ ಬದುಕನ್ನು ನನ್ನ ಇಷ್ಟದಂತೆ ಕಟ್ಟಿಕೊಳ್ಳಲೋ, ಮನೆಯವರಿಗಾಗಿ, ಊರಿಗಾಗಿ ಹಿಂದಿರುಗಲೋ ಎಂದು ಮಗನಿಗೆ ತೊಳಲಾಟ.

ಇಂಥ ದಿನಗಳಲ್ಲಿ ಯಯಾತಿಯ ಕತೆ ಅವರನ್ನು ಹಿಡಿದುಕೊಂಡಿತು. ರಾಜಾಜಿಯವರು ಸಂಗ್ರಹಿಸಿ ಬರೆದ ಮಹಾಭಾರತವನ್ನು ಆಗ ಅವರು ಓದುತ್ತಿದ್ದರು. ಶುಕ್ರಾಚಾರ್ಯರ ಶಾಪದಿಂದ ಯಯಾತಿಗೆ ಅಕಾಲದಲ್ಲಿ ಮುಪ್ಪು ಬರುತ್ತದೆ. ಯಾರಾದರೂ ತಮ್ಮ ಹರೆಯ ಕೊಟ್ಟು ಈ ಮುಪ್ಪನ್ನು ತೆಗೆದುಕೊಂಡರೆ ಅವನು ಪಾರು. ಕಿರಿಯ ಮಗ ಪೂರು ಒಪ್ಪುತ್ತಾನೆ. ಅಪ್ಪನ ಸುಖಕ್ಕಾಗಿ ಮಗ ಮುದುಕನಾಗುತ್ತಾನೆ. ಈ ಕತೆ ತಲೆಗೆ ಹೊಕ್ಕ ಮೇಲೆ ಪಾತ್ರಗಳ ಮಾತು ತಾನಾಗಿ ಕಿವಿಗೆ ಬೀಳತೊಡಗಿತು, ತಾನು ಬರೆದುಕೊಳ್ಳುತ್ತಾ ಹೋದೆ ಎಂಬರ್ಥದಲ್ಲಿ ಕಾರ್ನಾಡರು ಹೇಳಿಕೊಂಡಿದ್ದಾರೆ. ಬಂದದ್ದು ಕನ್ನಡದಲ್ಲಿ. ಆಗ ಅವರಿಗೆ ಅದು ಮನೆಯ ಬಿಗಿಯಿಂದ ತಪ್ಪಿಸಿಕೊಳ್ಳುವ ಒಂದು ದಾರಿಯಾಗಿ ಮಾತ್ರ ಕಂಡಿತ್ತು. ತನ್ನ ನಾಳೆಯನ್ನು ಬಿಟ್ಟುಕೊಡು ಎಂದು ಕೇಳುತ್ತಿದ್ದವರ ಮೇಲಿನ ತಮ್ಮ ಸಿಟ್ಟೇ ಆ ಕತೆಯಲ್ಲಿ ಕೂತಿತ್ತೆಂಬುದು ಹೊಳೆದದ್ದು ಎಷ್ಟೋ ಕಾಲದ ಮೇಲೆ. ಧಾರವಾಡದ ಮನೋಹರ ಗ್ರಂಥಮಾಲೆ ಅದನ್ನು 1961ರಲ್ಲಿ ಪ್ರಕಟಿಸಿತು. ಇಂಗ್ಲಿಷ್ ಕವಿಯಾಗಹೊರಟ ಹುಡುಗ ಕನ್ನಡದ ನಾಟಕಕಾರನಾದದ್ದು ಹೀಗೆ.

ಇಷ್ಟಕ್ಕೇ ನಿಂತರೆ ‘ಸ್ವಂತ ನೋವನ್ನು ಪುರಾಣದ ಬಾಯಲ್ಲಿ ಹೇಳಿದರು’ ಎಂದಷ್ಟೇ ಆಗುತ್ತದೆ. ನೀವು ಗಮನಿಸಬೇಕಾದದ್ದು ಇದರ ಮುಂದಿನದು. ‘ಹೆತ್ತವರು ಮಕ್ಕಳ ಹರೆಯ ಕಸಿಯಬಾರದು’ ಎಂಬ ಸಂದೇಶವೇ ಅವರಿಗೆ ಬೇಕಾಗಿದ್ದರೆ ಯಯಾತಿಯನ್ನು ದುಷ್ಟನನ್ನಾಗಿ ಮಾಡಿ ಕೈತೊಳೆದುಕೊಳ್ಳಬಹುದಿತ್ತು. ಅವರು ಮಾಡಿದ್ದೇ ಬೇರೆ. ಮೂಲದ ಕತೆ ಲೆಕ್ಕಕ್ಕೆ ತೆಗೆದುಕೊಳ್ಳದ ಒಬ್ಬಳನ್ನು ತಂದು ನಿಲ್ಲಿಸಿದರು: ಪೂರುವಿನ ಹೆಂಡತಿ ಚಿತ್ರಲೇಖೆ. ಅಪ್ಪ ಮಗ ಇಬ್ಬರೂ ತ್ಯಾಗ, ಕರ್ತವ್ಯ ಎಂದು ಮಾತಾಡಿಕೊಂಡು ವ್ಯವಹಾರ ಮುಗಿಸಿದ್ದಾರೆ. ಹೊಸದಾಗಿ ಮದುವೆಯಾಗಿ ಬಂದ ಹುಡುಗಿಯನ್ನು ಯಾರೂ ಒಂದು ಮಾತು ಕೇಳಿಲ್ಲ. ಮುದುಕನಾದ ಗಂಡನನ್ನು ಕಂಡು ಅವಳು ಬೆಚ್ಚುತ್ತಾಳೆ. ಯಯಾತಿ ಅವಳಿಗೆ ಹಿರಿಯನಂತೆ ಬುದ್ಧಿ ಹೇಳಲು ಬರುತ್ತಾನೆ. ಆಗ ಅವಳು ಕೇಳುವ ಪ್ರಶ್ನೆ ಅವನನ್ನು ಗೋಡೆಗೆ ಒತ್ತುತ್ತದೆ: ನಾನು ಕೈಹಿಡಿದದ್ದು ಆ ಹರೆಯವನ್ನು, ಅದು ಈಗ ನಿಮ್ಮ ಮೈಯಲ್ಲಿದೆ, ಹಾಗಿದ್ದ ಮೇಲೆ ನನ್ನನ್ನೂ ಸ್ವೀಕರಿಸಿ. ಯಯಾತಿಗೆ ಬಾಯಿ ಬರುವುದಿಲ್ಲ. ಅವಳು ವಿಷ ಕುಡಿದು ಸಾಯುತ್ತಾಳೆ. ಹಿರಿಯರ ಮೇಲೆ ಸಿಟ್ಟಿಟ್ಟುಕೊಂಡು ಬರೆಯಲು ಕೂತ ಹುಡುಗ ಹಿರಿಯರಿಗೂ ಕಿರಿಯರಿಗೂ ಇಬ್ಬರಿಗೂ ಉತ್ತರ ಸಿಗದ ಪ್ರಶ್ನೆಯನ್ನು ಮುಟ್ಟಿಬಿಟ್ಟ. ‘ಯಯಾತಿ’ ನಾಟಕವಾದದ್ದು ಚಿತ್ರಲೇಖೆಯಿಂದ ಎಂದೇ ನಾನು ನಂಬಿದ್ದೇನೆ. ಅವಳ ವಿಷಯಕ್ಕೆ ಮತ್ತೆ ಬರುತ್ತೇನೆ, ನಿಮ್ಮ ಮನೆಯಲ್ಲೂ ಅಂಥವರೊಬ್ಬರು ಇದ್ದಾರೆ.

‘ತುಘಲಕ್’ನ ಹುಟ್ಟು ಇನ್ನೊಂದು ಬಗೆ. ಕನ್ನಡದಲ್ಲಿ ಹೇಳಿಕೊಳ್ಳುವಂಥ ಐತಿಹಾಸಿಕ ನಾಟಕಗಳಿಲ್ಲ ಎಂಬ ವಿಮರ್ಶಕ ಕೀರ್ತಿನಾಥ ಕುರ್ತಕೋಟಿಯವರ ಮಾತು ಕಾರ್ನಾಡರನ್ನು ಕೆಣಕಿತು. (ಮೈಸೂರು ಒಡೆಯರ ಚರಿತ್ರೆಯನ್ನೇ ನಾಟಕ ಮಾಡಿದ ಸಂಸರನ್ನು ಓದಿರುವ ಮೈಸೂರಿನವರು ಇದನ್ನು ಸುಮ್ಮನೆ ಒಪ್ಪುವುದಿಲ್ಲ. ಆದರೆ ಸವಾಲು ಸರಿಯೋ ತಪ್ಪೋ, ಕೆಲಸ ಮಾಡಿತು.) ಅವರು ಇತಿಹಾಸದ ಪುಸ್ತಕ ತೆಗೆದು ಓದುತ್ತಾ ಬಂದಾಗ 1325ರಿಂದ 1351ರವರೆಗೆ ದಿಲ್ಲಿ ಆಳಿದ ಮುಹಮ್ಮದ್ ಬಿನ್ ತುಘಲಕ್ ಸಿಕ್ಕಿದ. ಅಷ್ಟು ಓದಿದ, ಅಷ್ಟು ದೊಡ್ಡ ಕನಸು ಕಂಡ ಸುಲ್ತಾನ ಇನ್ನೊಬ್ಬನಿರಲಿಲ್ಲ, ಅಷ್ಟು ಕೆಟ್ಟದಾಗಿ ಸೋತವನೂ ಇನ್ನೊಬ್ಬನಿರಲಿಲ್ಲ. ರಾಜಧಾನಿಯನ್ನು ದಿಲ್ಲಿಯಿಂದ ದೌಲತಾಬಾದಿಗೆ ಒಯ್ದದ್ದು, ಬೆಳ್ಳಿಯ ಬದಲು ತಾಮ್ರದ ನಾಣ್ಯ ಹೊರಡಿಸಿದ್ದು, ಎಲ್ಲವೂ ಒಳ್ಳೆಯ ಯೋಚನೆಯಿಂದ ಹೊರಟು ಜನರ ಕುತ್ತಿಗೆಗೆ ಬಂದದ್ದೇ. ಇಪ್ಪತ್ತು ವರ್ಷದೊಳಗೆ ಅಂಥ ಮನುಷ್ಯ ಹಾಗೆ ಚೂರಾದದ್ದು, ಸ್ವಾತಂತ್ರ್ಯ ಬಂದು ಹದಿನೈದು ಇಪ್ಪತ್ತು ವರ್ಷಕ್ಕೆ ನಮ್ಮ ದೇಶದ ಆಸೆಗಳು ಬಾಡತೊಡಗಿದ್ದಕ್ಕೆ ಹೊಂದಿಕೊಂಡು ಕಂಡಿತೆಂದು ಕಾರ್ನಾಡರೇ ಹೇಳಿದ್ದಾರೆ. ನಾಟಕ ಪ್ರಕಟವಾದದ್ದು 1964ರಲ್ಲಿ, ನೆಹರೂ ತೀರಿಕೊಂಡ ವರ್ಷ.

ಕುರುಕ್ಷೇತ್ರ ಆಡಿದವರಿಗೆ ತಟ್ಟನೆ ಅರ್ಥವಾಗುವ ಒಂದು ಸಂಗತಿ ಇದರಲ್ಲಿದೆ. ಕಾರ್ನಾಡರು ಶಿರಸಿಯಲ್ಲಿ ಚಿಕ್ಕವರಿದ್ದಾಗ ಊರಿಗೆ ಬರುತ್ತಿದ್ದ ಕಂಪನಿ ನಾಟಕ ನೋಡಿ ಬೆಳೆದವರು. ಕಂಪನಿಯವರ ಏರ್ಪಾಟು ನಿಮಗೆ ಗೊತ್ತಲ್ಲ: ರಸ್ತೆ ಪರದೆ ಬಿಟ್ಟು ಅದರ ಮುಂದೆ ಹಾಸ್ಯದವರನ್ನು ಬಿಡುತ್ತಾರೆ, ಅವರು ಜನರನ್ನು ನಗಿಸುತ್ತಿರುವಾಗ ಹಿಂದೆ ದರ್ಬಾರ್ ಸೀನು ಕಟ್ಟಿ ಮುಗಿಯುತ್ತದೆ. ಪರದೆ ಎದ್ದರೆ ರಾಜ, ಮಂತ್ರಿ, ಸಿಂಹಾಸನ. ದೊಡ್ಡವರಿಗೆ ಹಿಂದಿನ ಡೀಪ್ ಸೀನು, ಬೀದಿ ಜನಕ್ಕೆ ಮುಂದಿನ ಅಂಗೈಯಗಲದ ಜಾಗ. ಕಾರ್ನಾಡರು ‘ತುಘಲಕ್’ಗೆ ಇದೇ ಕಟ್ಟನ್ನು ತೆಗೆದುಕೊಂಡರು. ಸುಲ್ತಾನ ಹಿಂದೆ, ಅಜೀಜ್ ಮತ್ತು ಆಜಮ್ ಎಂಬ ಇಬ್ಬರು ಕಳ್ಳರು ಮುಂದೆ. ಬರೆಯುತ್ತಾ ಹೋದ ಹಾಗೆ ಅಗಸರ ಅಜೀಜ್ ತನ್ನ ಜಾಗದಲ್ಲಿ ನಿಲ್ಲಲೇ ಇಲ್ಲ. ಬ್ರಾಹ್ಮಣನ ವೇಷ ಹಾಕಿ ಸುಲ್ತಾನನ ಮೇಲೇ ದಾವೆ ಹೂಡಿ ಗೆದ್ದ, ಖೋಟಾ ನಾಣ್ಯ ಟಂಕಿಸಿದ, ಕೊನೆಗೆ ದರ್ಬಾರಿನೊಳಕ್ಕೇ ನುಗ್ಗಿ ಸುಲ್ತಾನನ ಎದುರು ನಿಂತು, ‘ನಾನು ನಿಮ್ಮ ನಿಜವಾದ ಶಿಷ್ಯ’ ಎಂಬ ಧಾಟಿಯಲ್ಲಿ ವಾದ ಮಾಡಿದ. ಸುಲ್ತಾನನಿಗೆ ಅವನನ್ನು ಶಿಕ್ಷಿಸಲೂ ಆಗಲಿಲ್ಲ. ಪರದೆಯ ಮುಂದಿನವನು ಹಿಂದಿನ ಜಾಗ ಹಿಡಿದದ್ದು ನಾಟಕದ ಅರ್ಥವನ್ನೇ ಬದಲಾಯಿಸಿತು.

ಹಾಗಾಗಿ ಪ್ರೇರಣೆ ಎಂದರೆ ಬರೆಯುವ ಮೊದಲು ಒಮ್ಮೆ ಬಂದು ಹೋಗುವ ಸಂಗತಿಯೆಂದು ತಿಳಿಯಬೇಡಿ. ಅದರ ಹೆಚ್ಚಿನ ಪಾಲು ಬರೆಯುವಾಗ ಬರುತ್ತದೆ. ಒಂದು ಪಾತ್ರ ನಿಮ್ಮ ಮಾತು ಮೀರಿ ಎದುರು ಮಾತಾಡಿದ ಘಳಿಗೆಯಲ್ಲಿ ಬರುತ್ತದೆ. ಕೂರದವರಿಗೆ ಅದು ಸಿಗುವುದಿಲ್ಲ.

ಇನ್ನೊಬ್ಬರ ಜೊತೆ ಮಾತಾಡುವುದರಿಂದಲೂ ನಾಟಕ ಹುಟ್ಟುತ್ತದೆ. ‘ಹಯವದನ’ ಬಿ.ವಿ. ಕಾರಂತರ ಜೊತೆ ಮುಖವಾಡ, ಸಂಗೀತ ಎಂದು ವಾದ ಮಾಡುತ್ತಿದ್ದಾಗ ಕಾರ್ನಾಡರ ತಲೆಯಲ್ಲಿ ರೂಪ ಪಡೆದದ್ದು. ಅದೇ ಕಾರಂತರು ಮುಂದೆ 1989ರಲ್ಲಿ ಮೈಸೂರಿನಲ್ಲಿ ರಂಗಾಯಣ ಕಟ್ಟಿದರು. ಕಲಾಮಂದಿರದ ಆವರಣದ ವನರಂಗದಲ್ಲಿ, ಭೂಮಿಗೀತದಲ್ಲಿ ನೀವು ನಾಟಕ ನೋಡಿರಬಹುದು. ‘ನಾಗಮಂಡಲ’ಕ್ಕೆ ಬೀಜವಾದ ಜನಪದ ಕತೆಗಳನ್ನು ಕಾರ್ನಾಡರಿಗೆ ಹೇಳಿದವರು ಎ.ಕೆ. ರಾಮಾನುಜನ್. ಮೈಸೂರಿನಲ್ಲಿ ಹುಟ್ಟಿ, ಮಹಾರಾಜಾ ಕಾಲೇಜಿನಲ್ಲಿ ಓದಿ, ಶಿಕಾಗೋದಲ್ಲಿ ಪ್ರಾಧ್ಯಾಪಕರಾಗಿದ್ದವರು. ಅಜ್ಜಿಯರು ಅಡುಗೆಮನೆಯಲ್ಲಿ ಮಕ್ಕಳಿಗೆ ಉಣ್ಣಿಸುತ್ತಾ ಹೇಳುವ ಕತೆಗಳನ್ನು ಅವರು ಜೀವಮಾನವಿಡೀ ಸಂಗ್ರಹಿಸಿದರು. ನೀವು ಈ ಪ್ರಶ್ನೆ ಕೇಳಿದ್ದರಿಂದ ‘ನಾಗಮಂಡಲ’ದ ಮೊದಲ ದೃಶ್ಯವನ್ನು ಮತ್ತೊಮ್ಮೆ ಓದಿ. ಅಲ್ಲಿ ಬರುವವನೇ ಒಬ್ಬ ನಾಟಕಕಾರ. ತನ್ನ ನಾಟಕಗಳಿಂದ ಎಷ್ಟೋ ಜನರನ್ನು ನಿದ್ದೆಗೆ ಕೆಡವಿದ ಪಾಪಕ್ಕೆ, ಈ ತಿಂಗಳಲ್ಲಿ ಒಂದು ರಾತ್ರಿಯಾದರೂ ಇಡೀ ಎಚ್ಚರವಾಗಿರದಿದ್ದರೆ ಸಾಯುತ್ತೀಯ ಎಂಬ ಶಾಪ ಹೊತ್ತು ಪಾಳು ಗುಡಿಯಲ್ಲಿ ಕೂತಿದ್ದಾನೆ. ಇನ್ನು ಮೇಲೆ ಬರೆಯುವುದೇ ಇಲ್ಲ ಎಂದು ಆಣೆಯಿಡುತ್ತಾನೆ. ಆಗ ಊರ ಮನೆಗಳ ದೀಪದ ಕುಡಿಗಳು ಹರಟೆಗೆ ಬಂದು ಸೇರುತ್ತವೆ, ಒಬ್ಬಾಕೆ ಯಾರಿಗೂ ಹೇಳದೆ ಬಾಯಲ್ಲಿಟ್ಟುಕೊಂಡಿದ್ದ ಒಂದು ಕತೆ ಹೆಣ್ಣಾಗಿ ಬಂದು, ನನ್ನನ್ನು ಕೇಳಿಸಿಕೋ, ಕೇಳಿಸಿಕೊಂಡರೆ ಸಾಲದು, ಇನ್ನೊಬ್ಬರಿಗೆ ದಾಟಿಸು ಎನ್ನುತ್ತದೆ. ಬರೆಯುವುದಿಲ್ಲ ಎಂದವನು ಕೇಳಿಸಿಕೊಳ್ಳುತ್ತಾ ಕೂತು ಜೀವ ಉಳಿಸಿಕೊಳ್ಳುತ್ತಾನೆ. ಪ್ರೇರಣೆಯ ಬಗ್ಗೆ ಕಾರ್ನಾಡರು ಎಲ್ಲೂ ಇದಕ್ಕಿಂತ ನೇರವಾಗಿ ಹೇಳಿಲ್ಲ ಎಂದು ನನ್ನ ಅನಿಸಿಕೆ.

ನಿಮ್ಮ ಜಿಲ್ಲೆಯ ಶ್ರೀರಂಗಪಟ್ಟಣಕ್ಕೆ ಸಂಬಂಧಿಸಿದ ನಾಟಕವೂ ಹೀಗೆ ಕೇಳಿಸಿಕೊಂಡದ್ದರಿಂದಲೇ ಬಂದದ್ದು. ಟಿಪ್ಪು ಸುಲ್ತಾನ್ ತಾನು ಕಂಡ ಕನಸುಗಳನ್ನು ಪಾರ್ಸಿಯಲ್ಲಿ ತನ್ನ ಕೈಯಾರೆ ಬರೆದಿಟ್ಟುಕೊಂಡಿದ್ದ. 1799ರ ಮೇ 4ರಂದು ಕೋಟೆ ಬಿದ್ದು ಅವನು ಸತ್ತ ಮೇಲೆ ಆ ಪುಸ್ತಕ ಅರಮನೆಯಲ್ಲಿ ಇಂಗ್ಲಿಷರ ಕೈಗೆ ಸಿಕ್ಕಿತು. ಇಂಥದೊಂದು ಪುಸ್ತಕ ಇದೆ ಎಂದು ಕಾರ್ನಾಡರ ಗಮನಕ್ಕೆ ತಂದವರೂ ರಾಮಾನುಜನ್ ಅವರೇ. ಬಿಬಿಸಿಯವರು ಭಾರತದ ಸ್ವಾತಂತ್ರ್ಯದ ಐವತ್ತನೇ ವರ್ಷಕ್ಕೆ ರೇಡಿಯೋ ನಾಟಕ ಬೇಕೆಂದಾಗ ಕಾರ್ನಾಡರು ಅದನ್ನು ಎತ್ತಿಕೊಂಡರು. ಟಿಪ್ಪುವಿನ ಯುದ್ಧಗಳ ಮೇಲೆ ಪುಸ್ತಕಗಳ ರಾಶಿಯೇ ಇದೆ. ಯುದ್ಧಕ್ಕೆ ಹೋಗುವ ರಾಜ ರಾತ್ರಿ ಯಾರಿಗೂ ತೋರಿಸದೆ ಕನಸು ಬರೆದಿಡುತ್ತಿದ್ದ ಎಂಬ ಒಂದು ವಿವರ ಆ ರಾಶಿಯಲ್ಲಿ ಸಿಗದ ಬಾಗಿಲು ತೆರೆಯಿತು.

ಬೇರೆಯವರು ಹೇಳಿ ಬರೆಸಿದ್ದಾದರೆ ಅದು ಪ್ರೇರಣೆಯೇ ಎಂದು ನಿಮಗೆ ಅನ್ನಿಸಬಹುದು. ಹೌದು, ಅದೂ ಪ್ರೇರಣೆಯೇ. ಮೈಸೂರಿನಲ್ಲಿ ನಾಟಕ ಬೆಳೆದದ್ದೇ ಹಾಗೆ. ಹತ್ತನೇ ಚಾಮರಾಜ ಒಡೆಯರ ಕಾಲದಲ್ಲಿ ಅರಮನೆಯ ನಾಟಕ ಸಭೆಗೆ ಆಡಲು ನಾಟಕ ಬೇಕಾಗಿತ್ತು. ಬಸವಪ್ಪಶಾಸ್ತ್ರಿಗಳು ‘ಶಾಕುಂತಲ’ವನ್ನು ಕನ್ನಡಕ್ಕೆ ತಂದು ‘ಅಭಿನವ ಕಾಳಿದಾಸ’ ಎನಿಸಿಕೊಂಡರು, ಶೇಕ್ಸ್‌ಪಿಯರನ ‘ಒಥೆಲೊ’ವನ್ನು ‘ಶೂರಸೇನ ಚರಿತೆ’ ಮಾಡಿದರು. ಆಡುವವರು ಕಾದಿದ್ದಾರೆ, ದಿನ ಗೊತ್ತಾಗಿದೆ ಎನ್ನುವುದಕ್ಕಿಂತ ದೊಡ್ಡ ಒತ್ತಡ ನಾಟಕಕಾರನಿಗೆ ಬೇರೆ ಬೇಕಿಲ್ಲ. ನಿಮ್ಮೂರ ತಂಡಕ್ಕೆ ‘ಮುಂದಿನ ಹಬ್ಬಕ್ಕೆ ನನ್ನ ನಾಟಕ’ ಎಂದು ಮಾತು ಕೊಟ್ಟು ನೋಡಿ.

ಆದರೆ ಒಳಗಿನ ಜಗಳವಿಲ್ಲದೆ ಒತ್ತಡವೊಂದರಿಂದಲೇ ದೊಡ್ಡ ನಾಟಕ ಬರುವುದಿಲ್ಲ. ಕುವೆಂಪು ಅವರ ‘ಶೂದ್ರ ತಪಸ್ವಿ’ ನೆನಪು ಮಾಡಿಕೊಳ್ಳಿ. 1944ರಲ್ಲಿ ಬಂದದ್ದು. ಅವರ ಎದುರಿಗೆ ಎರಡು ಇದ್ದವು: ರಾಮನ ಮೇಲಿನ ತಮ್ಮ ಭಕ್ತಿ, ತಪಸ್ಸು ಮಾಡಿದ ಶೂದ್ರನೆಂಬ ಕಾರಣಕ್ಕೆ ರಾಮ ಶಂಬೂಕನನ್ನು ಕೊಂದ ಎಂಬ ಉತ್ತರಕಾಂಡದ ಕತೆ. ರಾಮನನ್ನು ಬಿಡಲೂ ಮನಸ್ಸಿಲ್ಲ, ಆ ಕೊಲೆಯನ್ನು ನುಂಗಲೂ ಸಾಧ್ಯವಿಲ್ಲ. ಒಬ್ಬ ಶೂದ್ರ ಕವಿಗೆ ಇದು ಪುಸ್ತಕದ ಪ್ರಶ್ನೆಯಲ್ಲ. ಕುವೆಂಪು ಬಾಣವನ್ನೇ ತಿರುಗಿಸಿದರು. ರಾಮ ಬಿಟ್ಟ ಅಸ್ತ್ರ ಶಂಬೂಕನ ತಪಸ್ಸಿಗೆ ತಲೆಬಾಗಿ, ದೂರು ತಂದ ಬ್ರಾಹ್ಮಣನನ್ನೇ ಅಟ್ಟಿಸಿಕೊಂಡು ಹೋಗುತ್ತದೆ. ಪುರಾಣವನ್ನು ಹೀಗೆ ಬದಲಾಯಿಸಬಹುದೇ ಎಂದು ಮಾಸ್ತಿಯವರಂಥ ಹಿರಿಯರೇ ಆಕ್ಷೇಪಿಸಿದರು. ಜಯಲಕ್ಷ್ಮೀಪುರದಲ್ಲಿ ಕುವೆಂಪು ಅವರ ಮನೆ ‘ಉದಯರವಿ’ಯ ಮುಂದೆ ಹಾದುಹೋಗುವಾಗಲೆಲ್ಲ ಆ ಬಾಣ ನನಗೆ ನೆನಪಾಗುತ್ತದೆ. ಎರಡರಲ್ಲಿ ಯಾವುದನ್ನೂ ಬಿಡಲಾಗದವನಿಗೆ ಮಾತ್ರ ಆ ತಿರುವು ಹೊಳೆದೀತು.

ಸಂಸರದು ನೋವಿನ ಕತೆ. ಯಳಂದೂರಿನ ಹತ್ತಿರದ ಅಗರದಲ್ಲಿ 1898ರಲ್ಲಿ ಹುಟ್ಟಿ, ಕಡುಬಡತನದಲ್ಲಿ ಊರೂರು ಅಲೆದು, 1939ರಲ್ಲಿ ಮೈಸೂರಿನಲ್ಲಿ ತೀರಿಕೊಂಡರು. ಬರೆದದ್ದರಲ್ಲಿ ನಮಗೆ ಉಳಿದಿರುವುದು ಆರೇ ನಾಟಕ. ಅವರ ಮನಸ್ಸೆಲ್ಲ ಮೈಸೂರು ಒಡೆಯರ ಚರಿತ್ರೆಯಲ್ಲಿ, ಅದರಲ್ಲೂ ರಣಧೀರ ಕಂಠೀರವನಲ್ಲಿ. ‘ವಿಗಡ ವಿಕ್ರಮರಾಯ’ದಲ್ಲಿ ರಾಜನಿಗೇ ವಿಷವಿಟ್ಟು, ಇನ್ನೊಬ್ಬನನ್ನು ಗದ್ದುಗೆಗೆ ತಂದು ತನ್ನ ಕೈಗೊಂಬೆ ಮಾಡಿಕೊಳ್ಳಹೊರಟ ದಳವಾಯಿಯನ್ನು ನೋಡಿ. ಎಂಥ ಮಾತುಗಾರ ಅವನು! ರಣಧೀರನನ್ನು ಪ್ರೀತಿಸಿದ ನಾಟಕಕಾರ ತನ್ನ ಒಳ್ಳೆಯ ಮಾತುಗಳನ್ನೆಲ್ಲ ರಣಧೀರನ ವೈರಿಗೆ ಕೊಟ್ಟ, ನಾಟಕಕ್ಕೆ ಹೆಸರನ್ನೂ ಅವನದೇ ಇಟ್ಟ. ಬಿ.ಎಂ.ಶ್ರೀ. ಕೂಡ ರನ್ನನ ಕಾವ್ಯದಿಂದ ‘ಗದಾಯುದ್ಧ ನಾಟಕಂ’ ಮಾಡುವಾಗ ನೋಡಿದ್ದು ಸೋಲುವ ದುರ್ಯೋಧನನನ್ನು, ಆಮೇಲೆ ಗ್ರೀಕರ ‘ಏಜಾಕ್ಸ್’ ನಾಟಕದ ದಾರಿ ಹಿಡಿದು ಬರೆದದ್ದು ಎಲ್ಲರೂ ಹಳಿಯುವ ಅಶ್ವತ್ಥಾಮನನ್ನು.

ನಿಮ್ಮೂರಿಗೂ ಇದು ಗೊತ್ತು. ಹಾರ್ಮೋನಿಯಂ ಮೇಷ್ಟ್ರು ಬಂದು ಪಾತ್ರ ಹಂಚಲು ಕೂತಾಗ ದುರ್ಯೋಧನನ ಪಾತ್ರಕ್ಕಿರುವ ಪೈಪೋಟಿ ಧರ್ಮರಾಯನದಕ್ಕೆ ಇರುತ್ತದೆಯೇ? ಜಾಸ್ತಿ ದುಡ್ಡು ಕೊಟ್ಟು ಆ ಪಾತ್ರ ತೆಗೆದುಕೊಳ್ಳುವವರಿದ್ದಾರೆ. ದುರ್ಯೋಧನ ಕೆಟ್ಟವನೆಂದು ಎಲ್ಲರಿಗೂ ಗೊತ್ತು. ಆದರೂ ಅವನ ಕಡೆಗೆ ಹೇಳುವ ಮಾತಿದೆ, ಜೋರಾಗಿ ಹೇಳುವ ಮಾತಿದೆ, ಅದಕ್ಕೇ ಬೆಳಗಿನ ಜಾವದವರೆಗೂ ಜನ ಕೂತಿರುತ್ತಾರೆ.

ಈಗ ನಿಮ್ಮ ನಾಟಕಕ್ಕೆ ಬರೋಣ. ನಿಮ್ಮ ಪತ್ರದಲ್ಲಿ ಅಪ್ಪನ ಪಕ್ಷ ಚೆನ್ನಾಗಿ ಬಂದಿದೆ. ತಮ್ಮನ ಪಕ್ಷ ‘ಮಾರೋಣ ಅನ್ನುತ್ತಾನೆ’ ಎಂಬ ಎರಡು ಪದಕ್ಕೆ ಮುಗಿದಿದೆ. ಅವನು ಯಾಕೆ ಹಾಗನ್ನುತ್ತಾನೆ? ದುರಾಸೆಯೇ? ಹಾಗೆಂದು ನೀವು ಮೊದಲೇ ತೀರ್ಮಾನಿಸಿದ್ದರೆ ಮೂರನೇ ಪುಟಕ್ಕೆ ಅಪ್ಪ ಗೆದ್ದುಬಿಡುತ್ತಾರೆ, ನಾಲ್ಕನೇ ಪುಟಕ್ಕೆ ಆಡಲು ಏನೂ ಉಳಿಯುವುದಿಲ್ಲ. ಮಂಡ್ಯ ಜಿಲ್ಲೆಯಲ್ಲಿ ವ್ಯವಸಾಯ ಮಾಡುವ ಹುಡುಗರ ಪಾಡು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಹೆಣ್ಣು ಸಿಗುತ್ತಿಲ್ಲವೆಂದು 2023ರಲ್ಲಿ ಮದುವೆಯಾಗದ ರೈತ ಯುವಕರು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆಯನ್ನೇ ಮಾಡಿದರು. ನೋಡಿದವರು ಕೆಲವರು ನಕ್ಕರು, ನನಗೆ ನಗು ಬರಲಿಲ್ಲ. ಆ ನಡಿಗೆಯಲ್ಲಿ ನಿಮ್ಮ ತಮ್ಮನನ್ನು ಒಮ್ಮೆ ಇಟ್ಟು ನೋಡಿ. ಅವನ ಬಾಯಿಗೆ ಹೀಗೊಂದು ಮಾತು ಬರಬಹುದು:

ತಮ್ಮ: ನೀನು ಇನ್ನಿಪ್ಪತ್ತು ವರ್ಸ ಕಬ್ಬು ಕಡುದ್ರೂ ಅವ್ರು ಹೇಳೋ ದುಡ್ಡು ಕಣ್ಣಲ್ಲಿ ಕಾಣಾಕಿಲ್ಲ ಕಣಪ್ಪ.

ಅಪ್ಪ: ಕಾಣ್ದಿದ್ರೆ ಬುಡು. ನಾನೇನ್ ದುಡ್ಡು ಬೇಕು ಅಂತ ಕೇಳ್ದ್ನಾ?

ತಮ್ಮ: ನೀನ್ ಕೇಳ್ನಿಲ್ಲ. ಎಣ್ಣು ಕೊಡೋರು ಕೇಳ್ತಾವ್ರೆ. ಹುಡ್ಗ ಏನ್ ಮಾಡ್ಕಂಡವ್ನೆ ಅಂತ. ಯವಸಾಯ ಅಂದೇಟ್ಗೆ ಕಾಪಿ ಲೋಟ ಅಂಗೇ ಮಡುಗಿ ಎದ್ದೋಯ್ತಾರೆ.

ಅಪ್ಪ: ನಿಮ್ಮವ್ವ ಬರ್ನಿಲ್ವಾ ನನ್ ಇಂದೆ? ಇದೇ ಗದ್ದೆ ನೋಡೇ ಕೊಟ್ರು ಅವ್ರಪ್ಪ.

ತಮ್ಮ: ಅದೇ ಕಣಪ್ಪ. ನಿನ್ಗೆ ಗದ್ದೆ ಎಣ್ಣು ತಂದುಕೊಡ್ತು. ನನ್ಗೆ ಅದೇ ಗದ್ದೆ ಎಣ್ಣು ತಪ್ಪಿಸ್ತಾ ಐತೆ.

ಇದಕ್ಕೆ ಅಪ್ಪ ಏನನ್ನುತ್ತಾರೆ? ನನಗೆ ತೋಚುತ್ತಿಲ್ಲ. ನಿಮಗೂ ತಟ್ಟನೆ ತೋಚದಿದ್ದರೆ ಒಳ್ಳೆಯದಾಯಿತು, ಅಲ್ಲಿಂದ ಬರೆಯಲು ಶುರು ಮಾಡಿ. ಅಪ್ಪನೂ ಸುಮ್ಮನಿರುವ ಆಸಾಮಿಯಲ್ಲ. ವಿ.ಸಿ. ನಾಲೆಯ ನೀರು ಬಂದ ಮೇಲೆ ಅವರ ಅಪ್ಪ ಆ ಗದ್ದೆ ಹದ ಮಾಡಿದ್ದು, ಬೆಲೆ ಬಿದ್ದ ವರ್ಷ ಆಲೆಮನೆಯಲ್ಲಿ ಬೆಲ್ಲ ಹಾಗೇ ಕೂತದ್ದು, ಆಗಲೂ ಮಾರದೆ ಉಳಿಸಿಕೊಂಡದ್ದು, ಇದೆಲ್ಲ ಅವರ ಬೆನ್ನಿಗಿದೆ. ಇಬ್ಬರೂ ಸರಿ ಎನ್ನುವಂತೆ ಬರೆಯುವುದು ನಿಮ್ಮ ಕೆಲಸ. ನೀವು ಅಪ್ಪನ ಕಡೆಯವರೆಂಬುದು ನಿಜವಾದರೆ ತಮ್ಮನಿಗೆ ಇನ್ನೂ ಒಂದು ಹೆಚ್ಚು ಒಳ್ಳೆಯ ಮಾತು ಕೊಡಿ, ಸಂಸರು ವಿಕ್ರಮರಾಯನಿಗೆ ಕೊಟ್ಟ ಹಾಗೆ.

ಇನ್ನು ನಿಮ್ಮ ಚಿತ್ರಲೇಖೆ. ನಿಮ್ಮ ಪತ್ರದಲ್ಲಿ ಅಪ್ಪ ಇದ್ದಾರೆ, ತಮ್ಮ ಇದ್ದಾನೆ, ನೀವಿದ್ದೀರಿ. ಮನೆಯಲ್ಲಿ ಹೆಣ್ಣುಮಕ್ಕಳಿಲ್ಲವೆ? ಅಕ್ಕನೋ ತಂಗಿಯೋ ಇದ್ದೇ ಇರುತ್ತಾರೆ ಎಂದುಕೊಳ್ಳುತ್ತೇನೆ, ಇಲ್ಲದಿದ್ದರೆ ನಾಟಕಕ್ಕೆ ಒಬ್ಬಳನ್ನು ಹುಟ್ಟಿಸಿ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿಯಾದ ಮೇಲೆ ಪಿತ್ರಾರ್ಜಿತ ಜಮೀನಿನಲ್ಲಿ ಮಗಳಿಗೂ ಮಗನಷ್ಟೇ ಹಕ್ಕು. ಜಮೀನು ಮಾರುವ ದಿನ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಅವಳೂ ಬರಬೇಕು, ಇಲ್ಲವೇ ಮೊದಲೇ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಕೊಟ್ಟಿರಬೇಕು. ಎಷ್ಟೋ ಮನೆಗಳಲ್ಲಿ ಅವಳನ್ನು ಕರೆಯುವುದು ಆ ಒಂದು ಸಹಿಗೆ. ಅರಿಶಿನ ಕುಂಕುಮ, ಒಂದು ಸೀರೆ ಕೊಟ್ಟು, ‘ಇಲ್ಲೊಂದು ಒತ್ತು ಅಕ್ಕ’ ಅನ್ನುತ್ತಾರೆ. ಗಂಡುಮಕ್ಕಳು ಭೂಮಿತಾಯಿ ಎಂದು ಅತ್ತದ್ದೂ ಆಯಿತು, ಸೈಟಿನ ಲೆಕ್ಕ ಹಾಕಿದ್ದೂ ಆಯಿತು. ಆ ಗದ್ದೆಯಲ್ಲಿ ನಾಟಿ ಹಾಕಿ, ಕಳೆ ಕಿತ್ತು, ಮದುವೆಯಾಗಿ ಹೋದವಳು ಕಚೇರಿಯ ಬೆಂಚಿನ ಮೇಲೆ ಕೂತು ಪೆನ್ನು ಕೈಗೆ ತೆಗೆದುಕೊಳ್ಳದಿದ್ದರೆ? ‘ಮಾರೋದು ಬೇಡ’ ಎಂದೂ ಹೇಳದೆ, ‘ಮಾರಿ’ ಎಂದೂ ಹೇಳದೆ, ‘ನನ್ನ ಕೇಳಿ’ ಎಂದಷ್ಟೇ ಅಂದರೆ? ನಿಮ್ಮ ನಾಟಕದ ಮೊದಲ ದೃಶ್ಯವನ್ನು ಮನೆ ಜಗುಲಿಯಿಂದ ಎತ್ತಿ ಆ ಕಚೇರಿಗೆ ಹಾಕಿ ನೋಡಿ. ಟೋಕನ್ ನಂಬರ್ ಕೂಗುವ ಹೊತ್ತಿಗೆ ಎಲ್ಲರೂ ಬಂದಿರುತ್ತಾರೆ: ಅಪ್ಪ, ತಮ್ಮ, ಲೇಔಟ್‌ನವನು, ಪತ್ರ ಬರಹಗಾರ, ಸಾಕ್ಷಿಗೆ ಬಂದ ಊರವರು. ಯಾರೂ ಎದ್ದು ಹೋಗುವ ಹಾಗಿಲ್ಲ. ಜಗಳಕ್ಕೆ ಅದಕ್ಕಿಂತ ಇಕ್ಕಟ್ಟಾದ ಜಾಗ ಸಿಗುವುದಿಲ್ಲ.

ಸಂದೇಶದ ಗತಿಯೇನು ಎನ್ನುತ್ತೀರಿ. ಭೂಮಿ ಉಳಿಯಬೇಕೆಂಬ ನಿಮ್ಮ ಕಳಕಳಿ ಸಣ್ಣದಲ್ಲ, ನನಗೂ ಅದೇ ಕಳಕಳಿ ಇದೆ. ಅದನ್ನು ಹೇಳಲು ಸಭೆಯಿದೆ, ಪತ್ರಿಕೆಯಿದೆ. ನಾಟಕಕ್ಕೆ ಬಂದವನು ಅಪ್ಪನ ನೋವನ್ನೂ ತಮ್ಮನ ನೋವನ್ನೂ ಅಕ್ಕನ ಮೌನವನ್ನೂ ಹೊತ್ತುಕೊಂಡು ಮನೆಗೆ ಹೋಗಲಿ. ಅದರ ಭಾರದಿಂದ ಅವನೇ ಏನಾದರೂ ಯೋಚಿಸುತ್ತಾನೆ. ಹನ್ನೆರಡನೇ ಶತಮಾನದ, ಬಸವಣ್ಣನವರ ಕಾಲದ ಕಲ್ಯಾಣದ ಒಂದೇ ಕತೆಯನ್ನು ಲಂಕೇಶರು ‘ಸಂಕ್ರಾಂತಿ’ ಮಾಡಿದರು, ಎಚ್.ಎಸ್. ಶಿವಪ್ರಕಾಶರು ‘ಮಹಾಚೈತ್ರ’ ಮಾಡಿದರು, ಅಯೋಧ್ಯೆಯ ಮಂದಿರ, ಮಂಡಲ್ ಮೀಸಲಾತಿ ಇವುಗಳ ಗಲಾಟೆಯ ಕಾಲದಲ್ಲಿ ಕಾರ್ನಾಡರು ‘ತಲೆದಂಡ’ ಮಾಡಿದರು. ಜಾತಿ ಹೋಗಬೇಕೆಂಬುದು ಮೂವರಿಗೂ ಗೊತ್ತಿದ್ದ ಮಾತೇ. ಅದೊಂದೇ ಸಾಕಾಗಿದ್ದರೆ ಮೂರು ನಾಟಕ ಬೇಕಾಗಿರಲಿಲ್ಲ.

ಭಾಷೆಯ ಪ್ರಶ್ನೆ. ನಿಮ್ಮ ಕಡೆ ಮಾತಿನಲ್ಲೇ ಬರೆಯಿರಿ, ಎರಡನೇ ಯೋಚನೆ ಬೇಡ. ಕಾರ್ನಾಡರಿಗೆ ಪಾತ್ರಗಳ ಮಾತು ಯಾವ ಭಾಷೆಯಲ್ಲಿ ಕೇಳಿಸಿತೋ ಅದರಲ್ಲಿ ಬರೆದರು, ಬರೆಯಬೇಕೆಂದುಕೊಂಡಿದ್ದ ಭಾಷೆಯನ್ನು ಬಿಟ್ಟರು. ಕೈಲಾಸಂ ತಮ್ಮ ನಾಟಕಗಳನ್ನು ಬಹುಮಟ್ಟಿಗೆ ಬಾಯಲ್ಲಿ ಹೇಳಿ ಇನ್ನೊಬ್ಬರಿಂದ ಬರೆಸಿದರು. ಅವರ ಪಾತ್ರಗಳು ಇಂಗ್ಲಿಷ್ ಬೆರೆಸಿ ಮಾತಾಡುತ್ತಿದ್ದದ್ದು ಆ ಮನೆಗಳಲ್ಲಿ ಹಾಗೇ ಮಾತಾಡುತ್ತಿದ್ದರೆಂದು. ನಿಮ್ಮ ಮನೆಯಲ್ಲಿ ಅಪ್ಪ ‘ಇಂದೆ’ ಅಂದರೆ ಹಾಳೆಯ ಮೇಲೂ ‘ಇಂದೆ’ ಅನ್ನಲಿ. ಲೇಔಟ್‌ನವನು ಬೆಂಗಳೂರಿನ ಕನ್ನಡದಲ್ಲಿ ‘ಸರ್ ಸರ್’ ಅನ್ನಲಿ, ಪತ್ರ ಬರಹಗಾರ ಕ್ರಯಪತ್ರದ ‘ಚಕ್ಕುಬಂದಿ’, ‘ತರುವಾಯ ಯಾವ ತಂಟೆ ತಕರಾರು ಇರುವುದಿಲ್ಲ’ ಎಂಬ ಭಾಷೆ ಓದಲಿ. ಒಂದು ಕೋಣೆಯಲ್ಲಿ ಇಷ್ಟು ಕನ್ನಡಗಳು ಸೇರಿದರೆ ಯಾರ ಕೈ ಮೇಲಿದೆ ಎಂಬುದು ಮಾತಿನಿಂದಲೇ ಗೊತ್ತಾಗುತ್ತದೆ. ಒಂದು ಎಚ್ಚರ: ಗ್ರಾಮ್ಯ ಮಾತನ್ನು ನಗಿಸಲೆಂದು ಬಳಸಬೇಡಿ, ಸಿನಿಮಾದವರು ಮಂಡ್ಯದ ಮಾತಿಗೆ ಆ ಗತಿ ತಂದದ್ದು ಸಾಕು.

ಹತ್ತು ಪುಟವಾದ ಮೇಲೆ ತಿದ್ದಲು ಕೂರದೆ ನಿಮ್ಮ ತಂಡದವರನ್ನು ಸೇರಿಸಿ ಓದಿಸಿ. ಅಪ್ಪನ ಪಾತ್ರವನ್ನು ಗದ್ದೆ ಮಾರಿದವರೊಬ್ಬರಿಂದ, ತಮ್ಮನ ಪಾತ್ರವನ್ನು ಮಾರದೆ ಉಳಿಸಿಕೊಂಡವರೊಬ್ಬರಿಂದ ಓದಿಸಲು ಸಾಧ್ಯವಾದರೆ ಬಹಳ ಒಳ್ಳೆಯದು. ಅಕ್ಕನ ಮಾತನ್ನು ಗಂಡಸರ ಕೈಯಲ್ಲಿ ಓದಿಸಬೇಡಿ, ನಿಮ್ಮ ಶಾಲೆಯ ಮೇಡಂ ಒಬ್ಬರನ್ನು ಕೇಳಿ. ಓದುವವರು ನಡುವೆ ನಿಲ್ಲಿಸಿ, ‘ಇಲ್ಲ ಮೇಷ್ಟ್ರೆ, ನಾನಾಗಿದ್ರೆ ಹಿಂಗಂತಿರ್ನಿಲ್ಲ’ ಎಂದರೆ ಜಗಳಕ್ಕೆ ಹೋಗಬೇಡಿ, ‘ಮತ್ತೆ ಏನಂತಿದ್ರಿ?’ ಎಂದು ಕೇಳಿ ಬರೆದುಕೊಳ್ಳಿ. ಆ ಹತ್ತು ಪುಟವನ್ನು, ಅವರು ಹೇಳಿದ್ದರ ಸಮೇತ, ನನಗೂ ಕಳಿಸಿ.